ದೇವಕ್ಕನ ಫ್ರೀಜರಿಗೆ ಬಂದ ನೆಂಟರು

ಶಹಾಪುರದ ಬಸ್‌ ನಿಲ್ದಾಣದ ಎದುರು ಕುಲ್ಫಿ ಮಾರುವ ದೇವಕ್ಕನ ಬಾಯಿ ಜೋರು. ಆದರೆ ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವಳಲ್ಲ. ಗಂಡ ತೀರಿಕೊಂಡ ಮೇಲೆ ಬರುವವರೇ ಕಡಿಮೆಯಾದರು. ಮುತ್ತೈದೆಯರ ಕಾರ್ಯಕ್ಕಂತೂ ಅವಳನ್ನು ಕರೆಯುವವರೇ ಇಲ್ಲ. ಹಾಗಾಗಿ ಅವಳ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ, ಕಾಲೇಜಿನಲ್ಲಿ ಸಂಶೋಧನೆ ಮಾಡುವ ಯಶೋಧರಾ ಬೆರಳುದ್ದದ ಸೀಸೆ ಹಿಡಿದು ಓಡಿ ಬಂದಾಗ ದೇವಕ್ಕನಿಗೆ ಒಳಗೊಳಗೇ ಖುಷಿ.

ಕಾಲೇಜಿನ ಫ್ರೀಜರ್ ಕೆಟ್ಟಿತ್ತು. ಸೀಸೆಯಲ್ಲಿದ್ದದ್ದು ಕರಗಿದರೆ ಹುಡುಗಿಯ ಸಂಶೋಧನೆಯೆಲ್ಲ ಮಣ್ಣುಪಾಲು. ದೇವಕ್ಕ ತನ್ನ ಫ್ರೀಜರಿನ ಮುಚ್ಚಳದ ಮೇಲೆ ಕೈಯಿಟ್ಟು, ಮಾಂಸವಲ್ಲ ತಾನೇ ಎಂದು ವಿಚಾರಿಸಿದಳು. ಅವಳದು ಲಿಂಗ ಕಟ್ಟಿದವರ ಅಂಗಡಿ. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಿದ ಪ್ರೋಟೀನು, ಪ್ರಯೋಗಕ್ಕಷ್ಟೇ, ತಿನ್ನುವುದಲ್ಲ ಎಂದು ಯಶೋಧರಾ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ಹಂಗಾದ್ರ ಇವರು ಮನುಷ್ಯಾರು," ಎಂದಳು ದೇವಕ್ಕ. "ಮನುಷ್ಯಾರು ಬಾಗಿಲಿಗಿ ಬಂದ್ರ ಬ್ಯಾಡ ಅನ್ನಾಕ ಬರ್ತದೇನು?"

ಸೀಸೆಗೆ ವಿಭೂತಿ ಹಚ್ಚಿ ಒಳಗೆ ಮಲಗಿಸಿದಳು. ಪದೇ ಪದೇ ಮುಚ್ಚಳ ತೆಗೆಯಬಾರದೆಂದು ಯಶೋಧರಾ ಹೇಳಿದ್ದೇ ತಡ, ಕುಲ್ಫಿ ವ್ಯಾಪಾರವನ್ನೇ ನಿಲ್ಲಿಸಿ, ಕೇಳಿದವರಿಗೆಲ್ಲ ಒಳಗೆ ನೆಂಟರು ಮಲಗಿದ್ದಾರೆ ಎಂದಳು. ಫ್ರೀಜರಿನಲ್ಲಿ ನೆಂಟರೆಂದರೆ ಊರು ಸುಮ್ಮನಿರುತ್ತದೆಯೇ? ಸಂಜೆಗೆ ಪೊಲೀಸ್ ಪೇದೆ ಬಂದ. ಮುಚ್ಚಳ ತೆಗೆ ಎಂದರೆ ದೇವಕ್ಕ ಅದರ ಮೇಲೇ ಕುಳಿತುಬಿಟ್ಟಳು. ತೆಗೆದರೆ ಒಳಗಿದ್ದವರ ಜೀವಕ್ಕೆ ನೀನೇ ಹೊಣೆ ಎಂದಳು. ಪೇದೆ ಬೆವರಿದ. ಯಶೋಧರಾ ಓಡಿ ಬಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಬಹಳ ಹೊತ್ತು ಯೋಚಿಸಿ, ಇವರದು ಯಾವ ಊರು ಎಂದಷ್ಟೇ ಕೇಳಿ ಹೊರಟುಹೋದ.

ಕಾಲೇಜಿನ ಫ್ರೀಜರ್ ರಿಪೇರಿಯಾದ ದಿನ ಯಶೋಧರಾ ಐಸ್ ತುಂಬಿದ ಡಬ್ಬಿ ತಂದು ಸೀಸೆಯನ್ನು ಅದರಲ್ಲಿಟ್ಟಳು. ನೆಂಟರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ದೇವಕ್ಕ ಅಕ್ಕಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು ತಂದು ಡಬ್ಬಿಗೇ ಉಡಿ ತುಂಬತೊಡಗಿದಳು. ಯಶೋಧರಾ ನಗು ತಡೆಯಲಾರದೆ, ಇದು ಹೆಣ್ಣೋ ಗಂಡೋ ಯಾರಿಗೆ ಗೊತ್ತು ಎಂದಳು.

"ಯಾವುದರ ಇರಲಿ," ಎಂದಳು ದೇವಕ್ಕ, ಅಕ್ಕಿ ಸರಿಮಾಡುತ್ತಲೇ. "ಗಂಡ ಸತ್ತಾಕಿ ಕೈ ಅಂತ ಸೆರಗ ಹಿಂದಕ್ಕ ಎಳಕೊಳ್ಳಿಲ್ಲ ನೋಡವಾ. ಅಷ್ಟ ಸಾಕು ನನಗ."

ಯಶೋಧರಾಳ ನಗು ಅಲ್ಲೇ ನಿಂತಿತು. ಡಬ್ಬಿಯ ಮುಚ್ಚಳ ಬಿಗಿದು ಕೆಳಗಿಟ್ಟಳು. ಐಸ್ ಕರಗುತ್ತಿದ್ದರೂ ಹೊರಡದೆ, ದುಪಟ್ಟಾದ ಎರಡೂ ತುದಿ ಹಿಡಿದು ದೇವಕ್ಕನ ಮುಂದೆ ಒಡ್ಡಿ ನಿಂತಳು.

ತಂದಿದ್ದ ಅಕ್ಕಿಯೆಲ್ಲ ಡಬ್ಬಿಗೇ ಮುಗಿದಿತ್ತು. ದೇವಕ್ಕ ಇನ್ನಷ್ಟು ತರಲು ಒಳಗೆ ಓಡಿದಳು.