ಆ ಹುಡುಗ ಏನು ಕೇಳಿದ್ದ?

ಬೆಳಿಗ್ಗೆ ಮದ್ದೂರಿನ ಹೆದ್ದಾರಿಯಲ್ಲಿ ಬೈಕುಗಳ ದೊಡ್ಡ ಗುಂಪೊಂದು ಗುಡುಗುತ್ತಾ ಹೋಯಿತು. ಹಿಂದೆ ಉಳಿದ ಪೆಟ್ರೋಲ್ ವಾಸನೆಗೆ ನಾನು ಮತ್ತೆ ಅಮ್ಮನ ಸೆರಗು ಹಿಡಿದು ನಿಂತ ಹುಡುಗಿಯಾದೆ.

ಆಗ ಯುದ್ಧದ ಕಾಲ. ಮಿಲಿಟರಿ ಮೋಟಾರ್‌ಸೈಕಲ್‌ಗಳು ಸಾಲಾಗಿ ಬಂದು ಶಿಂಷಾ ಸೇತುವೆಯ ಬಳಿ ನಿಲ್ಲುತ್ತಿದ್ದವು. ಅಪ್ಪ ಊರೂರು ತಿರುಗಿ ಸುವಾರ್ತೆ ಸಾರುವ ಉಪದೇಶಿ. ಸೈನಿಕರು ಬಂದರೆಂದರೆ ಅಪ್ಪ ನಮ್ಮನ್ನೆಲ್ಲ ಅವರ ಬಳಿಗೆ ಹೊರಡಿಸುತ್ತಿದ್ದರು. ಅಮ್ಮ ಮಜ್ಜಿಗೆ ಕೊಡಬೇಕು, ನಾನು ಕೀರ್ತನೆ ಹಾಡಬೇಕು, ಅಪ್ಪ ಕನ್ನಡದ ಸುವಾರ್ತೆ ಪುಸ್ತಕ ಹಂಚಬೇಕು. ಆ ಸೈನಿಕರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಹಾಳೆ ಹರಿದು ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದರು. ಆದರೆ ಅಪ್ಪನಿಗೆ ಹೇಳುವವರು ಯಾರು?

ಒಂದು ಸಲ, ಇನ್ನೂ ಮೀಸೆ ಮೂಡದ ಸೈನಿಕನೊಬ್ಬ ಮಜ್ಜಿಗೆ ಕುಡಿದವನೇ ಅಮ್ಮನ ಕೈ ಹಿಡಿದು ಅಳತೊಡಗಿದ. ತನ್ನ ಭಾಷೆಯಲ್ಲಿ ಏನನ್ನೋ ಬೇಡಿಕೊಂಡ, ಮತ್ತೆ ಮತ್ತೆ ಅದನ್ನೇ.

"ಯೇಸುಸ್ವಾಮಿ ನಿನ್ ಕೈ ಬುಡಕಿಲ್ಲ ಕಣಪ್ಪ," ಎಂದು ಅಪ್ಪ ಶುರು ಮಾಡಿದರು.

"ನೀವು ವಸಿ ಸುಮ್ಕಿರಿ. ಮಗ ಏನೋ ಕೇಳ್ತಾ ಅದೆ," ಎಂದು ಅಮ್ಮ ರೇಗಿದಳು. ಅವನ ಕಡೆ ತಿರುಗಿ, "ಏನಪ್ಪಾ ಬೇಕು? ಅದೇನು ಯೋಳು ಮಗ," ಎಂದಳು.

ಅವನು ಹೇಳುತ್ತಲೇ ಇದ್ದ. ಅಷ್ಟರಲ್ಲಿ ಹೊರಡುವ ಸೀಟಿ ಕೇಳಿಸಿತು. ಅಮ್ಮನ ಕೈ ಬಿಟ್ಟು ಹೋದ.

ಅಂದಿನಿಂದ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಅಮ್ಮನದು ಒಂದೇ ಮಾತು: "ಆ ಮಗ ಅದೇನ್ ಕೇಳ್ತೋ, ಅದ್ನ ಕೊಟ್ಬುಡಪ್ಪ ಸ್ವಾಮಿ."

ಅಮ್ಮ ತೀರಿಕೊಂಡ ಮೇಲೆ ಆ ಪ್ರಾರ್ಥನೆ ನನ್ನ ಪಾಲಿಗೆ ಬಂತು. ಆ ಹುಡುಗ ಕೇಳಿದ್ದನ್ನು ಕೊಡುವ ಕಾಲ ಎಂದೋ ಮುಗಿದಿರಬಹುದು. ಆದರೂ ಇವತ್ತು ಬೈಕುಗಳ ಸದ್ದು ಅಡಗುವವರೆಗೂ ನಿಂತು, ಸ್ವಾಮಿಯಲ್ಲಿ ಅದನ್ನೇ ಬೇಡಿಕೊಂಡೆ.