ಆಸ್ತಿ, ಆಸ್ತೆ ಮತ್ತು ಒಂದು ಹಳದಿ ಕಾರು

ಕೋಲ್ಕತ್ತದ ಖಾಸಗಿ ಬಸ್ಸುಗಳ ಕಂಡಕ್ಟರರಿಗೆ ಗಂಟೆಯ ಮೇಲೆ ನಂಬಿಕೆಯಿಲ್ಲ. ಬಾಗಿಲಲ್ಲಿ ಜೋತುಬಿದ್ದು, ಅಂಗೈಯಿಂದ ಬಸ್ಸಿನ ತಗಡಿಗೆ ಪಟಪಟ ಬಡಿದೇ ಅವರು ಡ್ರೈವರನೊಂದಿಗೆ ಮಾತಾಡುವುದು. ಇವತ್ತು ಬೆಳಿಗ್ಗೆ ಬಾರಾನಗರದಿಂದ ಬರುತ್ತಿದ್ದೆ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಇಳಿಯಲು ಎದ್ದಳು. ಕಂಡಕ್ಟರ ತಗಡಿಗೆ ಎರಡು ಬಾರಿಸಿ, "ಆಸ್ತೆ, ಆಸ್ತೆ! ಲೇಡೀಸ್!" ಎಂದು ಕೂಗಿದ. ನಾನು ಒಬ್ಬನೇ ನಕ್ಕೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ನಗುವುದಕ್ಕೆ ಕಾರಣವಿದೆ, ಕೇಳಿ. ಈ ಊರಿಗೆ ಬಂದ ಹೊಸತರಲ್ಲಿ ಆ ಕೂಗು ನನ್ನ ಕನ್ನಡದ ಕಿವಿಗೆ "ಆಸ್ತಿ! ಲೇಡೀಸ್!" ಎಂದೇ ಕೇಳಿಸುತ್ತಿತ್ತು. ಎಂಥ ಸಂಸ್ಕೃತಿಯಪ್ಪಾ ಇವರದು, ಹೆಂಗಸು ಇಳಿಯುವಾಗ ಆಸ್ತಿ ಇಳಿಯುತ್ತಿದೆ ಎಂದು ಸಾರುತ್ತಾರಲ್ಲ ಎಂದು ಮನಸ್ಸು ತುಂಬಿ ಬಂದಿತ್ತು. ಆ ಸಂತೋಷವನ್ನು ತಡೆಯಲಾರದೆ ರಫೀಕನಿಗೆ ಫೋನು ಮಾಡಿ ಹೇಳಿದೆ. ಅವನು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

"ಲೇ ಮಾಸ್ತರ, ಅದು ಆಸ್ತಿ ಅಲ್ಲೋ, ಆಸ್ತೆ! ನಿಧಾನ ಅಂತ. ನಮ್ಮ ಮನಿಯಾಗ ಅವ್ವ ದಿನಾ ಅಂತಿದ್ದಳಲ್ಲ, ಆಸ್ತೆ ಚಲ್ ರೇ ಅಂತ. ಅದ ಮಾತು."

ರಫೀಕ ಹುಬ್ಬಳ್ಳಿಯವನು, ಧಾರವಾಡದಲ್ಲಿ ಓದುವಾಗ ನನಗೂ ಅವನಿಗೂ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ, ಒಂದೇ ಸೈಕಲ್ಲು. ತುಳಿಯುವವನು ಅವನು. ಹಿಂದೆ ಕ್ಯಾರಿಯರ್ ಮೇಲೆ ಕೂತು "ಸಾವಕಾಶ, ಸಾವಕಾಶ" ಎನ್ನುವವನು ನಾನು. ಮುಂದೆ ಬದುಕು ಇಬ್ಬರನ್ನೂ ಬೇರೆ ಬೇರೆ ದಾರಿಯಲ್ಲಿ ಇದೇ ಊರಿಗೆ ತಂದು ಹಾಕಿತು. ನಾನು ಬಾರಾನಗರದಲ್ಲಿ ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತ ಕೂತೆ. ಅವನು ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಸರಕು ಸಾಗಣೆಯ ದೊಡ್ಡ ಅಧಿಕಾರಿಯಾದ. ಸೈಕಲ್ಲಿನ ಚಪಲ ಮಾತ್ರ ಅವನನ್ನು ಬಿಡಲಿಲ್ಲ. ಐವತ್ತು ದಾಟುವ ಹೊತ್ತಿಗೆ ವಿದೇಶದ ಒಂದು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಎರಡೇ ಸೀಟು, ಮೊಣಕಾಲೆತ್ತರ, ಅರಿಶಿನದ ಹಳದಿ.

ಹಳದಿ ಬಣ್ಣವೆಂದರೆ ಈ ಊರಿನಲ್ಲಿ ಟ್ಯಾಕ್ಸಿ. ಒಂದು ಭಾನುವಾರ ಸದರ್ನ್ ಅವೆನ್ಯೂದಲ್ಲಿ ಆ ಕಾರು ಸಿಗ್ನಲ್ಲಿಗೆ ನಿಂತಾಗ, ಎರಡು ಚೀಲ ಹಿಡಿದ ಅಜ್ಜನೊಬ್ಬ ಬಗ್ಗಿ, ಮತ್ತೂ ಬಗ್ಗಿ, ಕಿಟಕಿಯೊಳಗೆ ಮುಖವಿಟ್ಟು "ಹಾವ್ಡಾ ಜಾಬೇ?" ಎಂದು, ಹಾವ್ಡಾಕ್ಕೆ ಬರ್ತೀಯಾ ಅಂತ, ಕೇಳಿದ್ದ. ಕೋಟಿಗಟ್ಟಲೆ ಬೆಲೆಯ ಕಾರಿನ ಮಾಲೀಕ ಸ್ವಲ್ಪವೂ ಬೇಸರಪಡದೆ "ಮೀಟರ್ ಖಾರಾಪ್, ದಾದು" ಎಂದ, ಮೀಟರು ಕೆಟ್ಟಿದೆ ಅಜ್ಜಾ ಅಂತ. ಅಜ್ಜ ಬೈದುಕೊಂಡು ಹೋದ.

ನನ್ನ ಡ್ರೈವಿಂಗಿನ ಬಗ್ಗೆಯೂ ಎರಡು ಮಾತು ಹೇಳಿಬಿಡಬೇಕು. ನನ್ನದೊಂದು ಹಳೆಯ ಸಣ್ಣ ಕಾರು. ಅದರ ಸ್ಟೀರಿಂಗ್ ತಿರುಗಿಸಿದರೆ ಸುದ್ದಿ ಚಕ್ರಕ್ಕೆ ತಲುಪುವುದರೊಳಗೆ ಒಂದು ಸಲ ಉಸಿರೆಳೆದುಕೊಳ್ಳಬಹುದು. ನಿಧಾನವೇ ಪ್ರಧಾನ ಎಂದು ನಂಬಿದವನು ನಾನು. "ನಿನ್ನ ಹಿಂದ ಬರೋ ಸೈಕಲ್ಲಿನವರೂ ಹಾರ್ನ್ ಹೊಡೀತಾರ" ಎಂದು ರಫೀಕ ಎಲ್ಲರೆದುರು ಹೇಳುತ್ತಿದ್ದ. ಸುಳ್ಳೂ ಅಲ್ಲ.

ಹೀಗಿರುವಾಗ ಅವನಿಗೆ ಲಕ್ವ ಹೊಡೆಯಿತು. ಸಣ್ಣದೇ. ಮಾತು ತಿರುಗಿ ಬಂತು, ಕೈ ಬಂತು, ತಮಾಷೆಯೂ ಬಂತು. ಬಲಗಾಲು ಮಾತ್ರ ಮೊದಲಿನ ಹಾಗೆ ಬರಲಿಲ್ಲ. "ಸರಕಾರಿ ಆಫೀಸ್ ಆಗೈತಿ ನನ್ನ ಕಾಲು. ಅರ್ಜಿ ಕೊಟ್ಟು ಕಾಯಬೇಕು" ಎನ್ನುತ್ತಿದ್ದ. ಹಳದಿ ಕಾರು ನೆಲಮಾಳಿಗೆಯಲ್ಲಿ ಮುಸುಕು ಹೊದ್ದು ಮಲಗಿತು. ಮಾರಿಬಿಡಿ ಎಂದು ಹೆಂಡತಿ ಶಾಹೀನ ಹೇಳುತ್ತಿದ್ದಳು. ಡಾಕ್ಟರು ಡ್ರೈವಿಂಗ್ ಆಮೇಲೆ ನೋಡೋಣ ಎಂದಿದ್ದರು. ಆ 'ಆಮೇಲೆ'ಗೆ ಅವನು ಜೋತುಬಿದ್ದಿದ್ದ.

ಮಾಘ ಕಳೆಯುವ ಹೊತ್ತಿಗೆ ಒಂದು ದಿನ ಫೋನು ಮಾಡಿದ. "ಎರಡ ದಿನ ನನ್ನ ಗಾಡಿ ನಿನಗ ಕೊಡ್ತೀನಿ. ಪುರುಲಿಯಾ ಕಡೆ ಅಯೋಧ್ಯಾ ಬೆಟ್ಟ ಐತಿ, ಬರೇ ತಿರುವು. ಏರೂದು ನಿಂದು, ಇಳಿಯೂದು ನಂದು. ಆಮ್ಯಾಲೆ ಮಾರೂದೋ ಇಟ್ಕೊಳ್ಳೂದೋ ಹೇಳ್ತೀನಿ."

ಹೊರಡುವ ಬೆಳಿಗ್ಗೆ ಶಾಹೀನ ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿಕೊಂಡಳು. ಅವಳು ಬೆಂಗಳೂರಿನವಳು. "ಅಣ್ಣಾ, ಅವರು ಎಷ್ಟೇ ಕೇಳಿದ್ರೂ ಕೀ ಕೊಡ್ಬೇಡಿ. ಮಾತು ಕೊಡಿ ನಂಗೆ" ಎಂದಳು. ಕೊಟ್ಟೆ. ಗೆಳೆಯನಿಗೆ ಒಂದು ಒಪ್ಪಿಗೆ, ಅವನ ಹೆಂಡತಿಗೆ ಇನ್ನೊಂದು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿ ಕಾರಿನೊಳಗೆ ಇಳಿದೆ. ಇಳಿದೆ ಎಂದೇ ಹೇಳಬೇಕು. ಆ ಕಾರನ್ನು ಹತ್ತಲು ಬರುವುದಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ನೆಲಕ್ಕೆ ಕೂತು ಕಾಲು ಚಾಚಬೇಕು. ಎಂಜಿನ್ ಮುಂದಿಲ್ಲ, ಬೆನ್ನ ಹಿಂದೆ. ಅದು ಗುರ್ ಎಂದಾಗ ಯಾರೋ ಪೈಲ್ವಾನ ನನ್ನ ಹಿಂದೆಯೇ ಕೂತು ಗಂಟಲು ಸರಿಮಾಡಿಕೊಂಡಂತೆ ಬೆನ್ನುಹುರಿ ನಡುಗಿತು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ರಫೀಕ ಪಕ್ಕದ ಸೀಟಿನಲ್ಲಿ ಆರಾಮವಾಗಿ ಬೆಲ್ಟು ಹಾಕಿಕೊಂಡ.

ಹೆದ್ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಲಾರಿಗಳ ಚಕ್ರಗಳು ನನ್ನ ತಲೆಗಿಂತ ಎತ್ತರದಲ್ಲಿದ್ದವು. ಹಳ್ಳಿಗಳ ಹಂಪ್ ಬಂದಾಗ ಒಂದು ಗುಂಡಿ ಒತ್ತಿದರೆ ಕಾರು ಮೂಗು ಎತ್ತುತ್ತಿತ್ತು. ಅಷ್ಟಾದರೂ ಸಾಲದೆ ಚಹಾದಂಗಡಿಯಿಂದ ಜನ ಎದ್ದು ಬಂದು, ನೆಲಕ್ಕೆ ಬಗ್ಗಿ ಹೊಟ್ಟೆ ತಾಗುತ್ತದೋ ಎಂದು ನೋಡಿ, "ಆಸ್ತೆ, ಆಸ್ತೆ" ಎಂದು ಕೈ ಮಾಡಿ ದಾಟಿಸುತ್ತಿದ್ದರು. ರಫೀಕ ಪ್ರತಿ ಸಲವೂ "ನಿನ್ನ ಆಸ್ತಿ ಬಂತು ನೋಡು" ಎಂದು ನನ್ನ ಪಕ್ಕೆಗೆ ತಿವಿಯುತ್ತಿದ್ದ.

ಬೆಟ್ಟ ಶುರುವಾದಾಗ ಮುತ್ತುಗ ಹೂ ಬಿಟ್ಟಿತ್ತು. ಎಲೆ ಉದುರಿದ ಕಾಡಿನಲ್ಲಿ ಮರಕ್ಕೆ ಮರವೇ ಕೆಂಪು. ಮೊದಲ ತಿರುವಿಗೆ ನಾನು ಹಳೆಯ ಅಭ್ಯಾಸದಂತೆ ಸ್ಟೀರಿಂಗನ್ನು ದೊಡ್ಡದಾಗಿ ತಿರುಗಿಸಿದೆ. ಕಾರು ಗಕ್ಕನೆ ಬಂಡೆಯ ಕಡೆಗೆ ಮುಖ ಮಾಡಿತು.

"ಅಷ್ಟ ಬ್ಯಾಡ. ಅದು ನಿನ್ನ ಹಳೀ ಡಬ್ಬಿ ಅಲ್ಲ, ಪಿಸುಮಾತಿಗೂ ಕೇಳಸ್ತೈತಿ" ಎಂದ ರಫೀಕ. "ಬ್ರೇಕು ತಿರುವಿಗೆ ಮುಂಚೆ, ಒಳಗಲ್ಲ. ಬಂಡೆಗಲ್ಲು ನೋಡಬ್ಯಾಡ, ರಸ್ತಾ ನೋಡು. ನೀ ನೋಡಿದ ಕಡೆ ಗಾಡಿ ಹೋಗ್ತೈತಿ."

ನಾಲ್ಕಾರು ತಿರುವುಗಳಲ್ಲಿ ಕೈ ಹದಕ್ಕೆ ಬಂತು. ನಾನು ತಿರುಗಬೇಕು ಎಂದುಕೊಳ್ಳುವಷ್ಟರಲ್ಲಿ ಕಾರು ತಿರುಗಿರುತ್ತಿತ್ತು. ರಸ್ತೆಯ ಒಂದೊಂದು ಹರಳೂ ಅಂಗೈಗೆ ತಿಳಿಯುತ್ತಿತ್ತು. ಬ್ರೇಕು ಒತ್ತಿದರೆ ಯಾರೋ ಹೆಗಲು ಹಿಡಿದು ನಿಲ್ಲಿಸಿದಂತೆ ನಿಲ್ಲುತ್ತಿತ್ತು. ಇಷ್ಟು ವರ್ಷ ನಾನು ವೇಗಕ್ಕೆ ಹೆದರಿದ್ದಲ್ಲ, ನನ್ನ ಮಾತು ತಡವಾಗಿ ಕೇಳುವ ಯಂತ್ರಕ್ಕೆ ಹೆದರಿದ್ದೆ ಎಂದು ಅನ್ನಿಸಿತು. ಖುಷಿಯಾಯಿತು ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ಆ ಖುಷಿಯಲ್ಲಿ ಒಂದು ತಿರುವು ಮುಗಿಸಿ ರಫೀಕನ ಕಡೆ ನೋಡಿದೆ. ಅವನು ಮುಂದೆಯೇ ನೋಡುತ್ತಿದ್ದ. ಅವನ ಬಲಗಾಲು ಕಾರಿನ ಹಾಸಿನ ಮೇಲೆ ಮೆಲ್ಲನೆ ಊರಿಕೊಳ್ಳುತ್ತಿತ್ತು. ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ತಿರುವು ಆಗಲೇ ಹಿಂದೆ ಉಳಿದಿತ್ತು. ಮುಂದಿನ ತಿರುವಿಗೂ ಓರೆಗಣ್ಣಿನಿಂದ ನೋಡಿದೆ. ನಾನು ಬ್ರೇಕು ಒತ್ತಿ, ತಿರುಗಿಸಿ, ಮತ್ತೆ ವೇಗ ಕೊಟ್ಟೆ. ಆಮೇಲೆ ಅವನ ಕಾಲು ಊರಿತು. ಅಲ್ಲಿಂದ ಮುಂದೆ ಮುತ್ತುಗವೂ ಕಾಣಲಿಲ್ಲ, ಸ್ಟೀರಿಂಗಿನ ಸೊಗಸೂ ತಿಳಿಯಲಿಲ್ಲ. ಮೇಲೆ ಹೋದ ಕೂಡಲೇ ಇವನು ಕೀ ಕೇಳುತ್ತಾನೆ, ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಟ್ಟದ ಮೇಲೆ ಒಂದು ಅಣೆಕಟ್ಟಿನ ಹತ್ತಿರ ಚಹಾ ಕುಡಿದೆವು. ಬಿಸಿಲು ಜಾಸ್ತಿ, ರಸ್ತೆ ಸರಿಯಿಲ್ಲ, ನನಗೇ ಇನ್ನೂ ಓಡಿಸುವ ಆಸೆ ಎಂದೆಲ್ಲ ಸುಳ್ಳುಗಳನ್ನು ಒಳಗೊಳಗೇ ಉರುಹೊಡೆಯುತ್ತಿದ್ದೆ. ಅವನು ಮಣ್ಣಿನ ಕುಡಿಕೆ ಎಸೆದು ಕೈಚಾಚಿದ.

"ಕೀ ಕೊಡು."

ಶಾಹೀನಳಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಅವನ ಕಾರಿನ ಕೀಯನ್ನು ಅವನಿಗೇ ಇಲ್ಲವೆನ್ನುವ ಬಾಯಿ ನನಗೆ ಬರಲಿಲ್ಲ. ಕೊಟ್ಟುಬಿಟ್ಟೆ. ಅವನು ಕೋಲೂರಿಕೊಂಡು ಕಾರನ್ನು ಸುತ್ತಿ ಬಂದು, ಸ್ಟೀರಿಂಗಿನ ಮುಂದೆ ಕೂತು, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. ಚಾಲು ಮಾಡಲಿಲ್ಲ. ನಾನು ಬಾಗಿಲಿಗೆ ಆತುಕೊಂಡು ನಿಂತೆ.

"ಲೇ ಮಾಸ್ತರ, ಏರೂವಾಗ ನಾನೂ ಬ್ರೇಕ್ ಒತ್ಕೋತ ಬಂದೆ. ನೀ ನೋಡಿದಿ, ನನಗ ಗೊತ್ತೈತಿ."

ನಾನು ಅವನ ಕೋಲನ್ನು ಈಸಿಕೊಂಡು ಹಿಡಿದುಕೊಂಡೆ.

"ಇಡೀ ಕೋಲ್ಕತ್ತಾದಾಗ ನಿನಗಿಂತ ನಿಧಾನ ಓಡಸಾಂವ ಯಾರೂ ಇಲ್ಲ. ಅದಕ್ಕ ನಿನ್ನ ಕರಕೊಂಡು ಬಂದೆ. ಒಂದ ತಿರುವಿಗರೆ ನಿನ್ನ ಕಾಲಿಗಿಂತ ನನ್ನ ಕಾಲು ಮುಂಚೆ ಬಂದ್ರ ಗಾಡಿ ಇಟ್ಕೊಳ್ಳೂಣ ಅಂತಿದ್ದೆ." ಸ್ಟೀರಿಂಗನ್ನು ಒಮ್ಮೆ ಸವರಿದ. "ಬರಲಿಲ್ಲ. ನಿನಗೂ ಸೋತೆ ಅಂದಮ್ಯಾಲೆ ಮುಗೀತು."

ಇಷ್ಟು ವರ್ಷ ನನ್ನ ನಿಧಾನವನ್ನು ಯಾರು ಆಡಿಕೊಂಡರೂ ನನಗೆ ನೋವಾಗಿರಲಿಲ್ಲ. ಅವತ್ತು ಆಯಿತು. ಅವನನ್ನು ಎತ್ತಲೆಂದು ಕೈ ಕೊಟ್ಟೆ. ಎದ್ದು ನಿಂತವನು ಕೈ ಬಿಡಲಿಲ್ಲ. ಇಬ್ಬರೂ ಅತ್ತೆವು.

ಇಳಿಯುವುದೂ ನನ್ನ ಪಾಲಿಗೇ ಬಂತು. ಮೂರನೆಯ ತಿರುವಿಗೆ ರಫೀಕ ಬಾಯಿ ತೆರೆದ. "ಆಸ್ತೆ" ಎಂದ. ನಾನು ಬ್ರೇಕು ಒತ್ತಿದೆ. "ಈಗ ಬಿಡು" ಎಂದ. ಬಿಟ್ಟೆ. ತಿರುವು ಬೆಣ್ಣೆಯಲ್ಲಿ ದಾರ ಎಳೆದಂತೆ ಹಿಂದೆ ಸರಿಯಿತು. ಅವನ ಕಾಲು ತಡವಾಗಿರಬಹುದು, ಕಣ್ಣು ತಡವಾಗಿರಲಿಲ್ಲ, ಮಾತಂತೂ ತಡವಾಗುವ ಪ್ರಶ್ನೆಯೇ ಇಲ್ಲ. ನಾನು ಕಾಣದ ತಿರುವನ್ನು ಅವನು ಮರಗಳ ಸಂದಿನಲ್ಲೇ ಕಂಡು ಹೇಳುತ್ತಿದ್ದ. ಆಸ್ತೆ, ಈಗ ಬಿಡು. ಆಸ್ತೆ, ಈಗ ಬಿಡು. ಅವನ ಕಣ್ಣು, ನನ್ನ ಕಾಲು, ಇಬ್ಬರೂ ಸೇರಿ ಒಬ್ಬ ಡ್ರೈವರು. ಬೆಟ್ಟದ ಬುಡಕ್ಕೆ ಬಂದಾಗ ನನ್ನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅಷ್ಟು ಚೆನ್ನಾಗಿ ನಾನು ಹಿಂದೆ ಓಡಿಸಿರಲಿಲ್ಲ, ಮುಂದೆ ಓಡಿಸುವುದೂ ಇಲ್ಲ.

ಆ ತಿಂಗಳೇ ಕಾರು ಹೋಯಿತು. ಹೊಸ ಮಾಲೀಕ ತೆಗೆದುಕೊಂಡು ಹೋಗುವಾಗ ರಫೀಕ ಬಾಲ್ಕನಿಯಿಂದ ಕೈಬೀಸಿ, ನನಗೆ ಫೋನಿನಲ್ಲಿ ಹೇಳಿದ: "ಆಸ್ತಿ ಹೋತು ಮಾಸ್ತರ, ಆಸ್ತೆ ಉಳೀತು." ಇಬ್ಬರೂ ನಕ್ಕೆವು. ಅವನು ಮೊದಲು ನಿಲ್ಲಿಸಿದ.

ಈಗ ಭಾನುವಾರಗಳಲ್ಲಿ ನಾವಿಬ್ಬರೂ ಸದರ್ನ್ ಅವೆನ್ಯೂ ಪಕ್ಕದ ಕೆರೆಯ ಸುತ್ತ ನಡೆಯುತ್ತೇವೆ. ಇವತ್ತು ಹೊರಟಿದ್ದೂ ಅಲ್ಲಿಗೇ. ಪಾರ್ಕ್ ಸರ್ಕಸ್ಸಿನಲ್ಲಿ ಅವನು ಎಂದಿನಂತೆ ಇದೇ ಬಸ್ಸು ಹತ್ತಿ, ಡ್ರೈವರನ ಗೇರು ಬದಲಿಸುವ ರೀತಿಯನ್ನು ನನ್ನ ಪಕ್ಕ ಕೂತು ಟೀಕಿಸುತ್ತ ಬಂದ. ಸದರ್ನ್ ಅವೆನ್ಯೂ ಬಂತು. ಅವನು ಮುಂದೆ, ನಾನು ಹಿಂದೆ. ಕಂಡಕ್ಟರ ಅವನ ಕೋಲನ್ನು ನೋಡಿ ತಗಡಿಗೆ ಬಡಿದು "ಆಸ್ತೆ, ಆಸ್ತೆ! ದಾದಾ ನಾಮ್ಬೇನ್!" ಎಂದು, ಅಣ್ಣ ಇಳಿಯುತ್ತಾರೆ ಅಂತ, ಕೂಗಿದ. ರಫೀಕ ಹೊರಳಿ ನನ್ನ ಕಡೆ ಕಣ್ಣು ಹೊಡೆದ.

ಬಸ್ಸು ಪೂರ್ತಿ ನಿಂತಿರಲಿಲ್ಲ. ಅವನ ಎಡಗಾಲು ಮೆಟ್ಟಿಲಿಗೆ ಇಳಿಯಿತು. ಬಲಗಾಲು ಇನ್ನೂ ಅರ್ಜಿ ಕೊಟ್ಟು ಕಾಯುತ್ತಿತ್ತು. ಆಗ ಗೊತ್ತಾಯಿತು, ನನ್ನ ಬಲಗಾಲು ಬಸ್ಸಿನ ನೆಲವನ್ನು ಬಲವಾಗಿ ಒತ್ತಿಕೊಂಡು ನಿಂತಿದೆ ಎಂದು. ಅವನ ಎರಡೂ ಕಾಲು ರಸ್ತೆಗೆ ತಾಗುವವರೆಗೂ ನಾನು ಅದನ್ನು ಎತ್ತಲಿಲ್ಲ.