ಮಾಲೆ ತೆಗೆದವರು

ಎರಡು ಸಾವಿರದ ಆರನೆಯ ಇಸವಿಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ, ಮಧ್ಯಾಹ್ನ ಊಟದ ಹೊತ್ತಿಗೆ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದ್ದ ನಮ್ಮ ರಕ್ತನಿಧಿಯ ಮೇಲಂತಸ್ತಿನಲ್ಲಿ, ಸರ್ವರ್ ಕೋಣೆಯ ಬಾಗಿಲ ಒಳಗೆ ನಾನು ನಿಂತಿದ್ದೆ. ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಮ್ಮ ಕಚೇರಿಯ ಹಿರಿಯ ಮೇಲ್ವಿಚಾರಕಿ ಅಂದು ಪೂಜೆಗೆ ಕೂಡಿಸಿದ ಯಂತ್ರವನ್ನು ಮುಟ್ಟಗೊಡಲಿಲ್ಲ, ಅದರಿಂದ ಒಂದು ಜೀವ ಹೋಯಿತು ಎನ್ನುವವರು ಊರಲ್ಲಿ ಇಂದಿಗೂ ಇದ್ದಾರೆ. ನಾನು ಕಂಡದ್ದು ಅದಲ್ಲ.

ಆ ಮೇಲ್ವಿಚಾರಕಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ನನ್ನ ಕೆಲಸ ರಕ್ತನಿಧಿಯ ವೆಬ್ ಸೇವೆಯ ಉಸ್ತುವಾರಿ. ಬೇರೆ ಬೇರೆ ಆಸ್ಪತ್ರೆಗಳ ಕಂಪ್ಯೂಟರುಗಳು ನಮ್ಮ ಕಂಪ್ಯೂಟರಿಗೆ ನೇರವಾಗಿ ರಕ್ತದ ಬೇಡಿಕೆ ಕಳಿಸುತ್ತಿದ್ದವು. ಕೇಳುವವರು ಯಾರೆಂದು ಮೊದಲು ಒಂದು ಸಣ್ಣ ಯಂತ್ರ ಪರೀಕ್ಷಿಸುತ್ತಿತ್ತು. ಅದು ಒಪ್ಪಿದರೆ ಮಾತ್ರ ಕೆಳಗೆ ರಕ್ತ ಇಡುವ ಕೋಣೆಯಲ್ಲಿ ಚೀಟಿ ಅಚ್ಚಾಗುತ್ತಿತ್ತು. ಚೀಟಿ ಇಲ್ಲದೆ ರಕ್ತದ ಚೀಲ ಹೊರಗೆ ಹೋಗುವಂತಿರಲಿಲ್ಲ. ಹಿಂದೊಮ್ಮೆ ಯಾರೋ ಫೋನಿನಲ್ಲಿ ಡಾಕ್ಟರೊಬ್ಬರ ಹೆಸರು ಹೇಳಿ ರಕ್ತ ಒಯ್ದು ಮಾರಿಕೊಂಡಿದ್ದರು. ಆಮೇಲೆ ಬಂದ ಕಟ್ಟಳೆ ಅದು. ಅದನ್ನು ಬರೆದು ಗೋಡೆಗೆ ಅಂಟಿಸಿದವರು ಅಕ್ಕಾರೇ.

ಖಂಡೇಪೂಜೆಯ ದಿನ ನಮ್ಮ ಕಡೆ ಸಲಕರಣೆಗೆ ಪೂಜೆ ಮಾತ್ರವಲ್ಲ, ವಿಶ್ರಾಂತಿಯೂ ಇದೆ. ಪೂಜೆಗೆ ಕೂಡಿಸಿದ ಉಳಿಯನ್ನು ಬಡಗಿ ಮರುದಿನ ಬನ್ನಿ ಹಂಚುವವರೆಗೆ ಎತ್ತುವುದಿಲ್ಲ. ದೊಡ್ಡ ಯಂತ್ರಗಳಿಗೆ ರಜೆಯಿಲ್ಲವೆಂದು ಅಕ್ಕಾರಿಗೆ ಗೊತ್ತಿತ್ತು. ಪರೀಕ್ಷೆ ಮಾಡುವ ಆ ಸಣ್ಣ ಯಂತ್ರ ಮೂಲೆಯಲ್ಲಿತ್ತು; ಅದಕ್ಕೆ ಪರದೆಯೂ ಇರಲಿಲ್ಲ, ಕೀಲಿಮಣೆಯೂ ಇರಲಿಲ್ಲ. ಅದಕ್ಕೆ ಅಂಥ ಕೆಲಸವಿಲ್ಲವೆಂದುಕೊಂಡು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಅದೊಂದನ್ನು ಅವರು ಬಂದ್ ಮಾಡಿದ್ದರು. ಬಂದ್ ಮಾಡಿದ್ದು ತಾವೇ ಎಂಬುದನ್ನು ಅವರು ಎಂದೂ ಅಲ್ಲಗಳೆಯಲಿಲ್ಲ.

ಧಾರವಾಡದ ಮಾಳಮಡ್ಡಿಯ ಹೆರಿಗೆ ಆಸ್ಪತ್ರೆಯಿಂದ ನರ್ಸ್ ಒಬ್ಬರು ಫೋನ್ ಮಾಡಿದರು. "ನಿಮ್ಮ ಕಂಪ್ಯೂಟರ ನಮ್ಮನ್ನ ಒಳಗ ಬಿಡವಲ್ದರಿ. ಇಲ್ಲಿ ಬಾಣಂತಿಗೆ ರಕ್ತ ನಿಲ್ಲವಲ್ದು. ಲಗೂ ಏನರ ಮಾಡ್ರಿ."

ನಾನು ಸರ್ವರ್ ಕೋಣೆಗೆ ಓಡಿದೆ. ಮ್ಯಾನೇಜರರೂ ಅಕ್ಕಾರೂ ಹಿಂದೆಯೇ ಬಂದರು. ಸಣ್ಣ ಯಂತ್ರದ ದೀಪ ಆರಿದ್ದನ್ನು ಕಂಡು ನಾನು ಅಕ್ಕಾರ ಮುಖ ನೋಡಿದೆ.

"ನನ್ನ ಮಾರಿ ಏನ ನೋಡ್ತಿ ತಮ್ಮಾ? ದೇವರು ನಾಳೆನೂ ಇರ್ತಾನ," ಎಂದು ಅವರೇ ಮಾಲೆ ತೆಗೆದರು. ಗುಂಡಿಯನ್ನೂ ಅವರೇ ಒತ್ತಿದರು.

ಯಂತ್ರ ಎದ್ದಿತು. ಆದರೂ ಧಾರವಾಡದವರನ್ನು ಒಳಗೆ ಬಿಡಲಿಲ್ಲ. ತಂದಾಗಿನಿಂದ ಅಂದಿನವರೆಗೆ ಅದನ್ನು ಒಮ್ಮೆಯೂ ಬಂದ್ ಮಾಡಿರಲಿಲ್ಲ. ಗಡಿಯಾರ ನಡೆಸುವ ಒಳಗಿನ ಬ್ಯಾಟರಿ ಸತ್ತಿರುವುದು ಯಾರಿಗೂ ತಿಳಿದಿರಲಿಲ್ಲ. ಎದ್ದಾಗ ಅದರ ಕಾಲ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಆಸ್ಪತ್ರೆಯ ಕಂಪ್ಯೂಟರು ತೋರಿಸುವ ಗುರುತಿನ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಯಂತ್ರದ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವಾಗಿರಲಿಲ್ಲ. ಇದು ನನಗೆ ಕೂಡಲೇ ಹೊಳೆಯಲಿಲ್ಲ. ತಡವಾದದ್ದು ಇಲ್ಲಿ.

"ತಪಾಸಣಿನ ತಗದ ಒಗಿ. ಯಾರ ಕೇಳಿದ್ರೂ ಬಿಡ್ಲಿ," ಎಂದರು ಮ್ಯಾನೇಜರರು.

"ತಗೀಬೇಕಂದ್ರೂ ಆ ಯಂತ್ರದ ಪರವಾನಗಿನ ಬೇಕ್ರಿ ಸರ," ಎಂದೆ.

ಅಕ್ಕಾರು ನಮ್ಮ ಮಾತಿಗೆ ಕಾಯಲಿಲ್ಲ. ಮೇಜಿನ ಮೇಲಿನ ಫೋನಿನಿಂದ ಕೆಳಗಿನ ಟೆಕ್ನಿಷಿಯನ್ನರಿಗೆ ಕರೆ ಮಾಡಿ ಧಾರವಾಡದ ಬಾಣಂತಿಯ ರಕ್ತ ಕಳಿಸಲು ಹೇಳಿದರು. ಸ್ಪೀಕರ್ ಹಾಕಿದ್ದರಿಂದ ಎರಡೂ ಕಡೆಯ ಮಾತು ನನಗೆ ಕೇಳಿಸಿತು.

"ಚೀಟಿ ಇಲ್ದ ಹೆಂಗ್ರಿ ಅಕ್ಕಾರ? ನೀವ ಬರದು ಗ್ವಾಡಿಗೆ ಹಚ್ಚೀರಿ."

"ನಾನ ಹಚ್ಚೀನಿ, ನಾನ ಹರೀತೀನಿ. ಮುಂಜಾನೆ ಆಕಿ ಹೆಸರಿಗೆ ಹೊಂದಿಸಿ ನೋಡಿಟ್ಟ ಚೀಲಾ ಅವು. ಗಾಡಿ ಬಿಡಸ್ರಿ ಭಾಯಿ. ಯಾರರ ಕೇಳಿದ್ರ ನನ್ನ ಹೆಸರ ಹೇಳ್ರಿ."

ಗಾಡಿ ಗೇಟು ದಾಟಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಯಂತ್ರದ ಗಡಿಯಾರ ತಿದ್ದಿ ಬೇಡಿಕೆ ಒಳಗೆ ಬರುವಂತೆ ಮಾಡಿದ್ದು ಆಮೇಲೆ. ಕೆಳಗೆ ಚೀಟಿ ಅಚ್ಚಾದಾಗ ಅದನ್ನು ಅಂಟಿಸಲು ಚೀಲ ಇರಲಿಲ್ಲ.

ರಕ್ತ ಮುಟ್ಟಿತು, ಏರಿಸಿದರು. ಬಾಣಂತಿ ಸಂಜೆ ತೀರಿಕೊಂಡರು. ಕೂಸು ಉಳಿಯಿತು. ಮೊದಲೇ ಮುಟ್ಟಿದ್ದರೆ ತಾಯಿ ಉಳಿಯುತ್ತಿದ್ದರೇ ಎಂದರೆ ಹೇಳಲಾಗದು ಎಂದು ಅಲ್ಲಿಯ ಡಾಕ್ಟರು ಅಂದರು. ನಾನೂ ಹೇಳಲಾರೆ.

ಕೆಲವೇ ದಿನಗಳಲ್ಲಿ, ಅಕ್ಕಾರು ಯಂತ್ರ ಮುಟ್ಟಗೊಡಲಿಲ್ಲವೆಂಬ ಮಾತು ಹುಟ್ಟಿತು. ಮಾಲೆ ಹಾಕಿದ್ದು ಎಲ್ಲರಿಗೂ ನೆನಪಿತ್ತು. ತೆಗೆದದ್ದನ್ನು ಕಂಡವರು ಕೋಣೆಯಲ್ಲಿದ್ದವರು ಮಾತ್ರ. ನಡೆದದ್ದನ್ನ ಎಲ್ಲಾರ ಎದುರಿಗೆ ನಿಂತು ಹೇಳಿಬಿಡ್ರಿ ಎಂದು ನಾನೊಮ್ಮೆ ಅಕ್ಕಾರಿಗೆ ಅಂದೆ. "ಆ ಕೂಸಿನ ಅಜ್ಜಿ ಮುಂದ ನಿಂತು ನಾ ಬರೋಬ್ಬರಿ ಅದೇನಿ ಅನ್ಲೇನು? ಬ್ಯಾಡ," ಎಂದರು. ನಿವೃತ್ತಿಯಾಗುವವರೆಗೂ ಆ ಮಾತು ಮತ್ತೆ ತೆಗೆಯಲಿಲ್ಲ.

ಅಕ್ಕಾರು ಈಗಿಲ್ಲ. ಮ್ಯಾನೇಜರರೂ ಇಲ್ಲ. ಫೋನ್ ಮಾಡಿದ ನರ್ಸ್ ಮಾಳಮಡ್ಡಿಯಲ್ಲೇ ಇದ್ದಾರೆ, ಆದರೆ ಕೋಣೆಯೊಳಗೆ ನಡೆದದ್ದು ಅವರಿಗೆ ಕಾಣಲಿಲ್ಲ. ಅಕ್ಕಾರ ಮಾತು ಕೇಳಿ ಚೀಲ ಕೊಟ್ಟು ಗಾಡಿ ಬಿಡಿಸಿದ ಟೆಕ್ನಿಷಿಯನ್ ಹಳೇ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಮಾಲೆ ತೆಗೆದದ್ದನ್ನು ಕಂಡವರಲ್ಲಿ ಉಳಿದಿರುವವನು ನಾನೊಬ್ಬ.